ಒಂದು ಪೆಟ್ಟಿಗೆಗೆ ಒಂದೇ ಹಾವು

ಸಂಪಾದಕರಿಗೆ,

ಮಾನ್ಯರೇ,

ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ವಿದೇಶಿ ಹಾವುಗಳನ್ನು ಸಾಕುವವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಅಪರೂಪವೇನಲ್ಲ. ಮೊದಲ ಹಾವು ಮನೆಗೆ ಬಂದು ಕೆಲವು ತಿಂಗಳು ಕಳೆದ ಮೇಲೆ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಇದಕ್ಕೊಂದು ಜೊತೆ ತಂದು ಇದೇ ಪೆಟ್ಟಿಗೆಯಲ್ಲಿ ಬಿಡಬಹುದೇ? ಮಾರುವವರಲ್ಲಿ ಕೆಲವರು "ಬಿಡಿ ಸಾರ್, ಏನೂ ಆಗಲ್ಲ, ಜೋಡಿ ಇದ್ರೆ ಖುಷಿಯಾಗಿರ್ತವೆ" ಎಂದು ಹೇಳಿ ಎರಡನೆಯದನ್ನೂ ಕಟ್ಟಿ ಕಳಿಸುತ್ತಾರೆ. ಬಿಡಬಾರದು ಎಂಬುದೇ ನಮ್ಮ ಉತ್ತರ. ಹಾವು ಸಾಕುವುದು ಸರಿಯೇ ತಪ್ಪೇ ಎಂಬ ಚರ್ಚೆ ಬೇರೆಯದು, ಅದನ್ನು ಇಲ್ಲಿ ಎತ್ತುತ್ತಿಲ್ಲ. ಈಗಾಗಲೇ ಮನೆಯೊಳಗಿರುವ ಹಾವು ಸುಮ್ಮಸುಮ್ಮನೆ ನರಳಬಾರದು ಎಂಬ ಕಾಳಜಿಯಿಂದ ಈ ಪತ್ರ.

ಎರಡು ಹಾವು ಒಂದೇ ಅಡಗುಗೂಡಿನಲ್ಲಿ ಒಂದರ ಮೇಲೊಂದು ಸುತ್ತಿಕೊಂಡು ಮಲಗಿದ್ದರೆ ನಮಗೆ ಅದು ಅನ್ಯೋನ್ಯತೆಯಂತೆ ಕಾಣುತ್ತದೆ. ಅಶ್ವತ್ಥಕಟ್ಟೆಯ ನಾಗರಕಲ್ಲುಗಳಲ್ಲಿ ಹೆಣೆದುಕೊಂಡ ಜೋಡಿಸರ್ಪಗಳನ್ನು ಚಿಕ್ಕಂದಿನಿಂದ ನೋಡಿ ಬೆಳೆದ ಕಣ್ಣು ನಮ್ಮದು. ಹೊಲದ ಬದುವಿನಲ್ಲಿ ಎರಡು ಕೇರೆಹಾವು ಮೈ ಹೆಣೆದು ತಲೆಯೆತ್ತಿ ನಿಂತರೆ ಜನ ಅದನ್ನು ಮಿಲನವೆಂದೇ ತಿಳಿಯುತ್ತಾರೆ. ಹೆಚ್ಚಿನ ಸಲ ಅವು ಎರಡೂ ಗಂಡು, ನಡೆಯುತ್ತಿರುವುದು ಕಾಳಗ. ಒಂದು ಇನ್ನೊಂದರ ತಲೆಯನ್ನು ನೆಲಕ್ಕೆ ಒತ್ತಲು ನೋಡುತ್ತಿರುತ್ತದೆ. ಗಾಜಿನ ಪೆಟ್ಟಿಗೆಯೊಳಗಿನ ಅಪ್ಪುಗೆಯನ್ನೂ ನಾವು ಇದೇ ರೀತಿ ತಪ್ಪಾಗಿ ಓದುತ್ತೇವೆ. ಅಲ್ಲಿ ಎರಡಕ್ಕೂ ಬೇಕಾಗಿರುವುದು ಒಂದೇ ಜಾಗ, ಅಂದರೆ ಕತ್ತಲಿರುವ, ಇಕ್ಕಟ್ಟಾದ, ಬೆಚ್ಚಗಿರುವ ಆ ಒಂದು ಮೂಲೆ.

ಹಾವು ತನ್ನ ಮೈಯನ್ನು ತಾನೇ ಬಿಸಿ ಮಾಡಿಕೊಳ್ಳಲಾರದು, ಬಿಸಿಯಿರುವ ಕಡೆಗೆ ಹೋಗಿ ಪಡೆದುಕೊಳ್ಳಬೇಕು. ಹೀಗಾಗಿ ಅದರ ಪೆಟ್ಟಿಗೆಯಲ್ಲಿ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಲೇಬೇಕು. ಬಾಲ್ ಪೈಥಾನ್‌ಗೆ ಬಿಸಿ ತುದಿಯಲ್ಲಿ 31ರಿಂದ 33 ಡಿಗ್ರಿ, ತಂಪು ತುದಿಯಲ್ಲಿ 25ರಿಂದ 27. ಕಾರ್ನ್ ಸ್ನೇಕ್‌ಗೆ 29ರಿಂದ 31 ಮತ್ತು 23ರಿಂದ 25. ಇಲಿಯೊಂದನ್ನು ನುಂಗಿದ ಹಾವಿಗೆ ಮುಂದಿನ ಕೆಲವು ದಿನ ಬಿಸಿ ತುದಿಯೇ ಹೊಟ್ಟೆಯ ಒಲೆ. ಎರಡು ಹಾವುಗಳಿದ್ದಾಗ ಬಲಶಾಲಿಯಾದದ್ದು ಆ ಜಾಗ ಹಿಡಿಯುತ್ತದೆ. ಜಗಳ, ಕಚ್ಚಾಟ ಏನೂ ಇರುವುದಿಲ್ಲ. ಸುಮ್ಮನೆ ಬಂದು ಮೇಲೆ ಮಲಗುತ್ತದೆ, ಅಷ್ಟೇ. ಕೆಳಗಿನದು ಒಂದೋ ಅಲ್ಲೇ ಅದುಮಿಕೊಂಡು ಇರಬೇಕು, ಇಲ್ಲವೇ ತಂಪು ತುದಿಗೆ ಸರಿಯಬೇಕು. ತಂಪಿನಲ್ಲೇ ಉಳಿದ ಹಾವಿನ ಹೊಟ್ಟೆಯಲ್ಲಿ ಇಲಿ ಜೀರ್ಣವಾಗುವ ಮೊದಲೇ ಕೊಳೆಯಲು ತೊಡಗುತ್ತದೆ, ಹಾವು ಅದನ್ನು ಕಕ್ಕುತ್ತದೆ. ಕಕ್ಕಿದ ಮೇಲೆ ಗಂಟಲು, ಜಠರ ಸುಧಾರಿಸಲು ಕನಿಷ್ಠ 10ರಿಂದ 14 ದಿನ ಊಟ ಕೊಡಬಾರದು. ಹೀಗೆ ಎರಡು ಮೂರು ಸಲ ಆದರೆ ಮರಿ ಹಾವು ಬದುಕುವುದೇ ಕಷ್ಟ. ಮೈ ತಣ್ಣಗಿದ್ದಷ್ಟೂ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಮೂಗಿನಲ್ಲಿ ಗುಳ್ಳೆ, ಉಸಿರಿನಲ್ಲಿ ಸಿಳ್ಳೆಯಂಥ ಸದ್ದು, ಬಾಯಿ ತೆರೆದು ಉಸಿರಾಡುವುದು, ಈ ಶ್ವಾಸಕೋಶದ ಸೋಂಕಿನ ಲಕ್ಷಣಗಳು ಬರುವುದು ಆಮೇಲೆ.

ಬೆಂಗಳೂರಿನ ಹವೆ ಹಿತವಾದದ್ದು, ಇಲ್ಲಿ ಹೀಟರ್ ಏಕೆ ಎಂದು ಕೇಳುವವರಿದ್ದಾರೆ. ಹಿತವಾಗಿರುವುದು ನಮಗೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಹೆಚ್ಚು ಎತ್ತರದ ಈ ಊರಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಬಿಲಗಳ, ಹುತ್ತಗಳ ಪ್ರಾಣಿ. ಅದಕ್ಕೆ ರಾತ್ರಿಯೂ 23–24ಕ್ಕಿಂತ ಕೆಳಗೆ ಹೋಗಬಾರದು. ಇಂಥ ರಾತ್ರಿಗಳಲ್ಲಿ ಪೆಟ್ಟಿಗೆಯೊಳಗಿನ ಬಿಸಿ ಜಾಗ ಒಂದು ಅಂಗೈಯಷ್ಟಕ್ಕೆ ಕುಗ್ಗುತ್ತದೆ. ಒಂದೇ ಪೆಟ್ಟಿಗೆಯ ಎರಡು ಹಾವುಗಳಿಗೆ ಚಳಿಗಾಲದಲ್ಲಿ ಕಾಯಿಲೆಯ ಅಪಾಯ ಹೆಚ್ಚುವುದು ಇದರಿಂದಲೇ.

"ಹಾಗಾದರೆ ಎರಡು ಬಿಸಿ ಜಾಗ, ಎರಡು ಅಡಗುಗೂಡು, ಎರಡು ನೀರಿನ ಬಟ್ಟಲು ಇಟ್ಟರೆ ಆಯಿತಲ್ಲ?" ಎಂಬ ವಾದ ಬರುತ್ತದೆ. ಇಟ್ಟವರಿದ್ದಾರೆ. ಒಂದೇ ಅಳತೆಯ ಎರಡು ಗೂಡಿಟ್ಟರೂ ಎರಡೂ ಹಾವು ಒಂದರಲ್ಲೇ ತುರುಕಿಕೊಳ್ಳುವುದು ಸಾಮಾನ್ಯ, ಏಕೆಂದರೆ ಎರಡರ ಬಿಸಿ ಒಂದೇ ಇರುವುದಿಲ್ಲ. ಒಂದು ಡಿಗ್ರಿಯ ವ್ಯತ್ಯಾಸವೂ ಹಾವಿಗೆ ತಿಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಹಾವು ನರಳುತ್ತಿದೆ ಎಂದು ನಮಗೆ ತಿಳಿಸುವ ಗುರುತುಗಳು ಬಹಳ ಕಡಿಮೆ: ಹಿಕ್ಕೆ, ಕಕ್ಕಿದ ಇಲಿ, ಪೊರೆ, ತೂಕ, ಊಟ ಬಿಟ್ಟದ್ದು. ಹಾವು ಕೂಗುವುದಿಲ್ಲ, ಮುದುಡಿ ಮೂಲೆಯಲ್ಲಿ ಕೂರುವುದು ಅದರ ಸಹಜ ಭಂಗಿಯೇ. ಎರಡು ಹಾವಿರುವ ಪೆಟ್ಟಿಗೆಯಲ್ಲಿ ಬೆಳಗ್ಗೆ ನೀರಾದ ಹಿಕ್ಕೆ ಬಿದ್ದಿದ್ದರೆ ಅದು ಯಾವುದರದ್ದು? ಅರ್ಧ ಕರಗಿದ ಇಲಿ ಯಾವುದು ಕಕ್ಕಿದ್ದು? ಹರಿದು ತುಂಡಾದ ಪೊರೆಯಲ್ಲಿ ಕಣ್ಣಿನ ಪೊರೆ ಕಳಚದೆ ಉಳಿದದ್ದು ಯಾವುದಕ್ಕೆ? ಉತ್ತರವಿಲ್ಲ. ಕೂಡಿ ಸಾಕುವುದರ ಅತಿ ದೊಡ್ಡ ಹಾನಿ ಕಚ್ಚಾಟವಲ್ಲ, ಹೀಗೆ ಗುರುತುಗಳೆಲ್ಲ ಕಲಸಿಹೋಗುವುದು. ವೈದ್ಯರ ಬಳಿ ಹೋಗುವ ಹೊತ್ತಿಗೆ ಎರಡು ತಿಂಗಳು ತಡವಾಗಿರುತ್ತದೆ.

ಇನ್ನು ಊಟದ ಹೊತ್ತು. ಹಾವಿನ ಹಲ್ಲುಗಳು ಗಂಟಲ ಕಡೆಗೆ ಬಾಗಿವೆ, ಹಿಡಿದದ್ದು ಒಳಕ್ಕೆ ಹೋಗುವುದಕ್ಕೇ ಮಾಡಿದ ಹಲ್ಲು ಅವು. ಒಂದೇ ಇಲಿಯ ತಲೆಯನ್ನು ಒಂದು, ಬಾಲವನ್ನು ಇನ್ನೊಂದು ಹಿಡಿದರೆ ಎರಡೂ ನುಂಗುತ್ತಾ ನಡುವಿಗೆ ಬರುತ್ತವೆ. ಆಗ ದೊಡ್ಡ ಬಾಯಿಯದು ಇಲಿಯ ಜೊತೆಗೆ ಎದುರಿನ ಹಾವಿನ ತಲೆಯನ್ನೂ ನುಂಗತೊಡಗುತ್ತದೆ. ಇದು ಸ್ವಜಾತಿಯನ್ನೇ ತಿನ್ನುವ ಬುದ್ಧಿಯಲ್ಲ, ಬಾಯಿಗೆ ಸಿಕ್ಕಿದ್ದನ್ನು ಬಿಡಲಾರದ ದವಡೆಯ ಕೆಲಸ. ಎಷ್ಟೋ ಸಲ ಎರಡೂ ಸಾಯುತ್ತವೆ. ಹೀಗಾದಾಗ ಹಿಡಿದು ಎಳೆಯಬಾರದು, ಬಾಯಿಯ ಒಳಗೆಲ್ಲ ಹರಿದುಹೋಗುತ್ತದೆ. ಹಿಡಿದಿರುವ ಹಾವಿನ ಬಾಯಿಯ ಮೇಲೆ ತಣ್ಣೀರು ಬಿಡುತ್ತಾ ಹೋದರೆ ಸಾಮಾನ್ಯವಾಗಿ ಅದೇ ಬಿಡುತ್ತದೆ.

ಬೇರೆ ಡಬ್ಬಿಯಲ್ಲಿ ಹಾಕಿ ಊಟ ಕೊಟ್ಟು ಮತ್ತೆ ಒಂದೇ ಪೆಟ್ಟಿಗೆಗೆ ಬಿಡುತ್ತೇವೆ ಎನ್ನುವವರು ಎರಡು ಸಂಗತಿ ಗಮನಿಸಬೇಕು. ತಿಂದ ಹಾವಿನ ಮೂತಿಯಲ್ಲಿ, ಮೈಮೇಲೆ ಇಲಿಯ ವಾಸನೆ ಗಂಟೆಗಟ್ಟಲೆ ಉಳಿಯುತ್ತದೆ. ಹಸಿದ ಇನ್ನೊಂದಕ್ಕೆ ಆ ವಾಸನೆ ಬರುವ ಕಡೆಗೆಲ್ಲ ಊಟವೇ ಕಾಣುತ್ತದೆ. ಜೊತೆಗೆ, ಉಂಡ ಹಾವನ್ನು 48 ಗಂಟೆ ಎತ್ತಬಾರದು, ಎತ್ತಿದರೆ ಕಕ್ಕಬಹುದು. ಅಂದರೆ ಪ್ರತಿ ಊಟದ ನಂತರ ಎರಡು ದಿನ ಬಿಸಿ, ನೀರು, ಅಡಗುಗೂಡು ಎಲ್ಲ ಇರುವ ಎರಡನೇ ಜಾಗ ಬೇಕೇ ಬೇಕು. ಅದು ಇದ್ದ ಮೇಲೆ ಮತ್ತೆ ಕೂಡಿಸುವ ಅಗತ್ಯ ಎಲ್ಲಿಯದು?

ಕಿಂಗ್ ಸ್ನೇಕ್ ವಿಷಯದಲ್ಲಂತೂ ಮಾತೇ ಇಲ್ಲ. ಅಮೆರಿಕದ ಆ ಹಾವಿಗೆ ಬೇರೆ ಹಾವು ಆಹಾರ, ತನ್ನ ಜಾತಿಯದೂ ಸೇರಿ. ಕಾಳಿಂಗ ಸರ್ಪ ಕೇರೆಹಾವನ್ನು ನುಂಗುವುದು ಗೊತ್ತಿರುವ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಬೇರೆ ಜಾತಿಯ ಹಾವುಗಳನ್ನು ಕೂಡಿಡುವುದೂ ಅಷ್ಟೇ ತಪ್ಪು: ಬಾಲ್ ಪೈಥಾನ್‌ಗೆ 55ರಿಂದ 70 ಪ್ರತಿಶತ ತೇವಾಂಶ ಬೇಕು, ಕಾರ್ನ್ ಸ್ನೇಕ್‌ಗೆ 40ರಿಂದ 60 ಸಾಕು. ಒಂದಕ್ಕೆ ಹೊಂದಿಸಿದರೆ ಇನ್ನೊಂದಕ್ಕೆ ಪೊರೆ ಸರಿಯಾಗಿ ಬಿಡದು, ಇಲ್ಲವೇ ಹೊಟ್ಟೆಯ ಅಡಿಯ ಹುರುಪೆಗಳಲ್ಲಿ ಹುಣ್ಣಾಗುತ್ತದೆ.

ರೋಗಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೆಂಗಳೂರಿಗೆ ಬರುವ ಹಾವುಗಳು ಎಲ್ಲಿಂದ, ಹೇಗೆ ಬರುತ್ತವೆ ಎಂಬುದು ಕೊಳ್ಳುವವರಿಗೆ ತಿಳಿದಿರುವುದಿಲ್ಲ. ಆಗಸ್ಟ್ 2023ರಲ್ಲಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ 234 ಪ್ರಾಣಿಗಳು ಸಿಕ್ಕವು, ಅವುಗಳಲ್ಲಿ ಹೆಬ್ಬಾವುಗಳೂ ಇದ್ದವು. ಏಪ್ರಿಲ್ 2024ರಲ್ಲಿ ಅದೇ ನಿಲ್ದಾಣದಲ್ಲಿ 10 ಹಳದಿ ಅನಕೊಂಡಗಳನ್ನು ಕಸ್ಟಮ್ಸ್ ಹಿಡಿಯಿತು. ಸೂಟ್‌ಕೇಸಿನಲ್ಲಿ ಒತ್ತೊತ್ತಾಗಿ ಬಂದ ಪ್ರಾಣಿಗಳು ಒಂದರ ರೋಗವನ್ನು ಇನ್ನೊಂದಕ್ಕೆ ದಾಟಿಸಿರುತ್ತವೆ. ಕಾನೂನುಬದ್ಧವಾಗಿ ಇಲ್ಲೇ ಮರಿ ಮಾಡಿದವು ಎಂದು ಮಾರುವ ಹಾವುಗಳೂ ಅಂಗಡಿಯಲ್ಲಿ ಅಂಥವುಗಳ ಪಕ್ಕದಲ್ಲೇ ಇದ್ದಿರಬಹುದು.

ಕ್ರಿಪ್ಟೊಸ್ಪೊರಿಡಿಯಂ ಎಂಬ ಸೂಕ್ಷ್ಮ ಪರಾವಲಂಬಿ ಹಾವಿನ ಜಠರದ ಗೋಡೆಯನ್ನು ದಪ್ಪವಾಗಿಸುತ್ತದೆ. ಹಾವು ಪದೇ ಪದೇ ಕಕ್ಕುತ್ತದೆ, ನಡು ಊದುತ್ತದೆ, ಉಳಿದ ಮೈ ಬಡಕಲಾಗುತ್ತದೆ. ನಂಬಬಹುದಾದ ಚಿಕಿತ್ಸೆ ಇಲ್ಲ. ಅದರ ಮೊಟ್ಟೆಯಂಥ ಕೋಶಗಳು ಹಿಕ್ಕೆಯಲ್ಲಿ ಹೊರಬರುತ್ತವೆ, ಮನೆಯಲ್ಲಿ ಬಳಸುವ ಬ್ಲೀಚಿಗೆ ಜಗ್ಗುವುದಿಲ್ಲ. ಒಂದೇ ನೀರಿನ ಬಟ್ಟಲಿನಲ್ಲಿ ಒಂದು ಹೇತು ಇನ್ನೊಂದು ಕುಡಿದರೆ ಮುಗಿಯಿತು. ಬಾಲ್ ಪೈಥಾನ್‌ಗಳ ಉಸಿರಾಟವನ್ನು ಕೆಡಿಸುವ ನಿಡೊವೈರಸ್ 2014ರಲ್ಲಿ ಬೆಳಕಿಗೆ ಬಂತು. ಬಾಯಿಯಲ್ಲಿ ಲೋಳೆ ತುಂಬುವುದು, ವಸಡು ಕೆಂಪಾಗುವುದು ಅದರ ಲಕ್ಷಣ, ಆದರೆ ಕೆಲವು ಹಾವುಗಳು ಯಾವ ಲಕ್ಷಣವೂ ತೋರದೆ ವೈರಸ್ ಹೊತ್ತಿರುತ್ತವೆ. ಬೋವಾ (ಹೆಬ್ಬಾವಿನಂಥ ಇನ್ನೊಂದು ವಿದೇಶಿ ಹಾವು) ಮತ್ತು ಪೈಥಾನ್‌ಗಳನ್ನು ಕಾಡುವ ಇನ್‌ಕ್ಲೂಷನ್ ಬಾಡಿ ಕಾಯಿಲೆಗೆ ಕಾರಣವಾದ ವೈರಸ್‌ಗಳ ಗುರುತು ಸಿಕ್ಕಿದ್ದು 2012ರಲ್ಲಿ. ಬೋವಾ ಅದನ್ನು ಬಹುಕಾಲ ಆರಾಮಾಗಿ ಹೊತ್ತಿರಬಲ್ಲದು. ಅದರಿಂದ ಪೈಥಾನ್‌ಗೆ ದಾಟಿದರೆ ನರಗಳು ಕೆಟ್ಟು, ತಲೆ ಮೇಲಕ್ಕೆ ತಿರುಚಿಕೊಂಡು ಬೇಗ ಸಾಯುತ್ತದೆ. ಬೋವಾ ಮತ್ತು ಪೈಥಾನ್ ಒಂದೇ ಪೆಟ್ಟಿಗೆಯಲ್ಲಷ್ಟೇ ಅಲ್ಲ, ಒಂದೇ ಕೋಣೆಯಲ್ಲಿಯೂ ಬೇಡ ಎಂದು ನಾವು ಹೇಳುವುದು ಇದಕ್ಕೇ.

ಆದ್ದರಿಂದ ಹೊಸ ಹಾವು ಬಂದರೆ ಕನಿಷ್ಠ 90 ದಿನ ಬೇರೆ ಕೋಣೆಯಲ್ಲಿರಲಿ. ಕೆಳಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕದೆ ಬಿಳಿ ಟಿಶ್ಯೂ ಪೇಪರ್ ಹಾಸಿ. ಹಾವಿನ ಮೈಟ್, ಅಂದರೆ ರಕ್ತ ಹೀರುವ ನುಸಿ, ಇದ್ದರೆ ಬಿಳಿ ಹಾಸಿನ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳಾಗಿ ಹರಿದಾಡುವುದು ಕಾಣುತ್ತದೆ. ಕಣ್ಣಿನ ಸುತ್ತ, ಗದ್ದದ ಅಡಿಯ ಸೀಳಿನಲ್ಲಿ ಅವು ಕೂರುತ್ತವೆ. ಹಾವು ದಿನವಿಡೀ ನೀರಿನ ಬಟ್ಟಲಿನಲ್ಲೇ ಮುಳುಗಿದ್ದರೆ ಮೊದಲು ಬಟ್ಟಲಿನ ತಳ ನೋಡಿ, ಸತ್ತ ಮೈಟ್‌ಗಳು ಅಲ್ಲಿ ಬಿದ್ದಿರುತ್ತವೆ. ದಿನದ ಕೆಲಸದಲ್ಲಿ ಮೊದಲು ಹಳೆಯ ಹಾವು, ಕೊನೆಗೆ ಹೊಸದು. ಇಕ್ಕಳ, ಬಟ್ಟಲು, ಒರೆಸುವ ಬಟ್ಟೆ ಎಲ್ಲ ಬೇರೆ ಬೇರೆ. ಈ ಅವಧಿಯಲ್ಲಿ ಮೂರು ಸಲ ತಾಜಾ ಹಿಕ್ಕೆಯನ್ನು ಪರೀಕ್ಷೆ ಮಾಡಿಸಿ, ವೈರಸ್ ಪತ್ತೆಗೆ ಬಾಯಿಯ ದ್ರವದ ಪಿಸಿಆರ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ನಾಯಿ, ಬೆಕ್ಕು ನೋಡುವ ಎಲ್ಲ ಕ್ಲಿನಿಕ್ಕುಗಳೂ ಹಾವನ್ನು ನೋಡುವುದಿಲ್ಲ. ಯಾರು ನೋಡುತ್ತಾರೆ ಎಂದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮುಂಚೆಯೇ ವಿಚಾರಿಸಿಟ್ಟುಕೊಳ್ಳುವುದು ಒಳ್ಳೆಯದು, ಹಾವು ಬಾಯಿ ತೆರೆದು ಉಸಿರಾಡತೊಡಗಿದ ರಾತ್ರಿಯಲ್ಲಿ ಹುಡುಕುವುದಲ್ಲ.

"ಎರಡೂ ಹೆಣ್ಣು, ತೊಂದರೆಯಿಲ್ಲ" ಎಂಬ ಭರವಸೆಯನ್ನೂ ನಂಬಬೇಡಿ. ಮರಿ ಹಾವಿನ ಲಿಂಗ ಹೊರನೋಟಕ್ಕೆ ತಿಳಿಯದು. ಬಾಲದ ಬುಡದ ರಂಧ್ರದಲ್ಲಿ ಸಣ್ಣ ಕಡ್ಡಿ ಹಾಕಿ ಅಥವಾ ಆ ಬುಡವನ್ನು ಒತ್ತಿ ನೋಡಬೇಕು, ಅದು ಕೈ ಪಳಗಿದವರ ಕೆಲಸ, ಅವರೂ ತಪ್ಪುತ್ತಾರೆ. ಗಂಡು ಹೆಣ್ಣು ಒಂದೇ ಪೆಟ್ಟಿಗೆಯಲ್ಲಿದ್ದರೆ ಹೆಣ್ಣು ಮೈ ತುಂಬುವ ಮೊದಲೇ ಬಸಿರಾಗುತ್ತದೆ. ಕಾರ್ನ್ ಸ್ನೇಕ್ ಹೆಣ್ಣಿಗೆ ಮೂರು ವರ್ಷ ತುಂಬಿ 300 ಗ್ರಾಂ ತೂಕವಾದರೂ ಇರಬೇಕು, ಬಾಲ್ ಪೈಥಾನ್‌ಗೆ 1,500 ಗ್ರಾಂ. ಅದಕ್ಕೆ ಮುಂಚೆ ಮೊಟ್ಟೆ ಕಟ್ಟಿದರೆ ಹೊರಬಾರದೆ ಒಳಗೇ ಸಿಕ್ಕಿಕೊಳ್ಳುವ ಅಪಾಯ ಹೆಚ್ಚು, ಆಮೇಲೆ ಶಸ್ತ್ರಚಿಕಿತ್ಸೆಯೇ ಗತಿ. ಹೆಣ್ಣು ಹಾವು ವೀರ್ಯವನ್ನು ಬಹುಕಾಲ ಒಳಗೇ ಕಾಪಿಟ್ಟುಕೊಳ್ಳಬಲ್ಲದು, ಹಾಗಾಗಿ ಬೇರ್ಪಡಿಸಿದ ಮೇಲೂ ಮೊಟ್ಟೆ ಇಟ್ಟರೆ ಆಶ್ಚರ್ಯವಿಲ್ಲ.

ಇದೆಲ್ಲಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಉತ್ತರ ಅಮೆರಿಕದ ಗಾರ್ಟರ್ ಹಾವುಗಳು ನಿಜಕ್ಕೂ ಗುಂಪಿನ ಪ್ರಾಣಿಗಳು. ಕೆನಡಾದ ಮನಿಟೋಬಾದ ನಾರ್ಸಿಸ್ ಎಂಬಲ್ಲಿ ಸಾವಿರಾರು ಗಾರ್ಟರ್ ಹಾವುಗಳು ಸುಣ್ಣಕಲ್ಲಿನ ಬಿರುಕುಗಳಲ್ಲಿ ಒಟ್ಟಿಗೇ ಚಳಿಗಾಲ ಕಳೆಯುತ್ತವೆ. ಅವು ಒಡನಾಡಿಗಳನ್ನು ಆರಿಸಿಕೊಳ್ಳುತ್ತವೆ ಎಂದು ಪ್ರಯೋಗಗಳು ತೋರಿಸಿವೆ. ಒಂದೇ ಲಿಂಗ, ಒಂದೇ ಗಾತ್ರ, ಪ್ರತಿಯೊಂದಕ್ಕೂ ಮುಗಿದ ಕ್ವಾರಂಟೈನ್, ಹಾವಿನ ಸಂಖ್ಯೆಗಿಂತ ಒಂದು ಹೆಚ್ಚು ಅಡಗುಗೂಡು, ಬೇರೆ ಬೇರೆಯಾಗಿ ಊಟ, ಜಗಳವಾದರೆ ತಕ್ಷಣ ಹಾಕಲು ಸಿದ್ಧವಿರುವ ಇನ್ನೊಂದು ಪೆಟ್ಟಿಗೆ, ಇಷ್ಟಿದ್ದರೆ ಅನುಭವಿಗಳು ಗಾರ್ಟರ್‌ಗಳನ್ನು ಕೂಡಿ ಸಾಕಬಲ್ಲರು. ಬಾಲ್ ಪೈಥಾನ್ ಮರಿಗಳೂ ಪ್ರಯೋಗಾಲಯದಲ್ಲಿ ಒಂದೇ ಗೂಡಿನಲ್ಲಿ ಸೇರಿಕೊಂಡದ್ದು ಈಚೆಗೆ ಕಂಡುಬಂದಿದೆ. ಇದನ್ನೇ ಹಿಡಿದು "ಕೂಡಿಡಬಹುದು" ಎನ್ನುವವರಿದ್ದಾರೆ. ಹಾವುಗಳು ನಾವು ಎಣಿಸಿದಷ್ಟು ಒಂಟಿಯಲ್ಲ ಎಂಬುದನ್ನು ಒಪ್ಪೋಣ. ಆದರೆ ಮರಿಗಳು ಕೆಲವು ದಿನ, ಪರಿಣತರ ಕಣ್ಣೆದುರು ಸೇರಿದ್ದಕ್ಕೂ ದೊಡ್ಡ ಹಾವುಗಳನ್ನು ನಾಲ್ಕು ಅಡಿಯ ಪೆಟ್ಟಿಗೆಯಲ್ಲಿ 20 ವರ್ಷ ಕೂಡಿಹಾಕುವುದಕ್ಕೂ ವ್ಯತ್ಯಾಸವಿದೆ. ಕಾಡಿನಲ್ಲಿ ಬೇಡವೆನಿಸಿದ ಹಾವು ಹೊರಟುಹೋಗುತ್ತದೆ, ಗಾಜಿನೊಳಗಿನದು ಹೋಗುವುದಾದರೂ ಎಲ್ಲಿಗೆ?

ಕೂಡಿಡುವವರಲ್ಲಿ ಹೆಚ್ಚಿನವರ ನಿಜವಾದ ಕಾರಣ ಬೇರೆ. ಎರಡು ಕೋಣೆಯ ಬಾಡಿಗೆ ಮನೆ, ಜಾಗವಿಲ್ಲ. ಎರಡನೇ ಪೆಟ್ಟಿಗೆಗೆ ದುಡ್ಡಿಲ್ಲ. ಇದಕ್ಕೆ ದಾರಿ ಇದೆ. ದೊಡ್ಡ ಬಾಲ್ ಪೈಥಾನ್ ಅಥವಾ ಕಾರ್ನ್ ಸ್ನೇಕ್‌ಗೆ ಬೇಕಾದ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಪೆಟ್ಟಿಗೆಯನ್ನು 8 ಅಡಿಗೆ 4 ಅಡಿಯ ಒಂದೇ ಪ್ಲೈವುಡ್ ಹಾಳೆಯಲ್ಲಿ ಮಾಡಬಹುದು. ತಳ, ಚಾವಣಿ, ಬೆನ್ನು ತಲಾ 4×2, ಎರಡು ಪಕ್ಕಗಳು ತಲಾ 2×2. ಕೂಡಿದರೆ ಸರಿಯಾಗಿ 32 ಚದರಡಿ. ಗರಗಸದ ಸೀಳಿಗೂ ಹಲಗೆಯ ದಪ್ಪಕ್ಕೂ ಕೆಲವು ಮಿಲಿಮೀಟರ್ ಕಳೆಯುತ್ತದೆ, ಅದರಿಂದ ನಷ್ಟವಿಲ್ಲ. ಮುಂದೆ ಎರಡು ಜಾರುವ ಗಾಜು, ಅವು ಒಂದರ ಮೇಲೊಂದು ಹಾಯುವ ಕಡೆ ಶೋಕೇಸಿಗೆ ಹಾಕುವಂಥ ಬೀಗ. ಹಾವಿನ ತಲೆ ತೂರುವ ಸಂದಿಯಲ್ಲಿ ಇಡೀ ಹಾವು ತೂರುತ್ತದೆ, ಹಾಗಾಗಿ ಗಾಜುಗಳ ನಡುವಿನ ಸಂದಿಯನ್ನು ಅಳೆದು ನೋಡಿ. ಬಡಗಿಗೆ ಮೊದಲೇ ಒಂದು ಮಾತು ಹೇಳಬೇಕು: ಗೆದ್ದಲಿನ ಔಷಧಿ ಬಳಿಯಬೇಡಿ. ನಮ್ಮಲ್ಲಿ ಪ್ಲೈವುಡ್‌ಗೆ ಅದನ್ನು ಬಳಿಯುವುದು ರೂಢಿ, ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿಗೆ ಅದು ವಿಷ. ಒಳಗೆಲ್ಲ ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ಮೂರು ಸಲ ಬಳಿದು, ಮೂಲೆಗಳಿಗೆ ಅಕ್ವೇರಿಯಂ ಸಿಲಿಕೋನ್ ತುಂಬಿ, ವಾಸನೆ ಪೂರ್ತಿ ಹೋಗುವವರೆಗೆ, ಅಂದರೆ ಒಂದು ವಾರವಾದರೂ, ಗಾಳಿಗೆ ತೆರೆದಿಡಿ. ಎದುರುಬದುರು ಪಕ್ಕಗಳಲ್ಲಿ ಒಂದು ಕಡೆ ಕೆಳಗೆ, ಇನ್ನೊಂದು ಕಡೆ ಮೇಲೆ ಗಾಳಿಯ ಜಾಲರಿ ಇರಲಿ.

ಇಂಥ ಎರಡು ಪೆಟ್ಟಿಗೆಗಳನ್ನು ಸ್ಲಾಟೆಡ್ ಆಂಗಲ್ ರ್ಯಾಕಿನಲ್ಲಿ ಒಂದರ ಮೇಲೊಂದು ಇಟ್ಟರೆ ನೆಲದಲ್ಲಿ ಹೋಗುವ ಜಾಗ ಅದೇ 8 ಚದರಡಿ. ಎರಡರ ನಡುವೆ ಎರಡು ಇಂಚು ಬಿಡಿ, ಇಲ್ಲದಿದ್ದರೆ ಕೆಳಗಿನ ಪೆಟ್ಟಿಗೆಯ ಚಾವಣಿಯ ಹೀಟರ್ ಮೇಲಿನದರ ತಳವನ್ನೂ ಕಾಯಿಸಿ ಮೇಲಿನ ಹಾವಿಗೆ ತಂಪು ತುದಿಯೇ ಇಲ್ಲದಂತೆ ಮಾಡುತ್ತದೆ. ಪ್ರತಿ ಪೆಟ್ಟಿಗೆಗೂ ತನ್ನದೇ ಥರ್ಮೋಸ್ಟಾಟ್, ಅಂದರೆ ಬಿಸಿ ಅಳೆದು ಹೀಟರನ್ನು ನಿಯಂತ್ರಿಸುವ ಸಾಧನ, ಬೇಕು. ಒಂದೇ ಥರ್ಮೋಸ್ಟಾಟಿಗೆ ಎರಡು ಹೀಟರ್ ಜೋಡಿಸಿದರೆ ಪ್ರೋಬ್ (ಬಿಸಿ ಅಳೆಯುವ ತಂತಿ) ಇಲ್ಲದ ಪೆಟ್ಟಿಗೆ ಕುದಿಯುವುದೋ ತಣ್ಣಗಾಗುವುದೋ ತಿಳಿಯುವುದೇ ಇಲ್ಲ. 100 ವ್ಯಾಟ್‌ನ ಸೆರಾಮಿಕ್ ಹೀಟರಿಗೆ ಸುತ್ತ ತಂತಿಯ ಜಾಲರಿ ಕಡ್ಡಾಯ, ಹಾವು ಅದಕ್ಕೆ ಸುತ್ತಿಕೊಂಡು ಸುಟ್ಟುಕೊಂಡರೂ ಬೇಗ ಬಿಡುವುದಿಲ್ಲ. ಹೀಟರ್ ದಿನದ ಅರ್ಧ ಹೊತ್ತು ಉರಿದರೆ 1.2 ಯೂನಿಟ್ ಕರೆಂಟ್, ಎರಡನೇ ಪೆಟ್ಟಿಗೆಯ ನಿತ್ಯದ ಹೆಚ್ಚುವರಿ ಖರ್ಚು ಅಷ್ಟೇ. ಕರೆಂಟ್ ಹೋದರೆ 150 ಆಂಪಿಯರ್-ಅವರ್ ಬ್ಯಾಟರಿಯ ಮನೆ ಯುಪಿಎಸ್ ಎರಡೂ ಹೀಟರ್‌ಗಳನ್ನು ಕೆಲವು ಗಂಟೆ ನಡೆಸುತ್ತದೆ.

ಒಂದೇ ಪೆಟ್ಟಿಗೆಗೆ ನಡುವೆ ಹಲಗೆ ಹಾಕಿ ಇಬ್ಭಾಗ ಮಾಡುವುದು ಪರಿಹಾರವಲ್ಲ. ಎರಡಡಿಯ ಅರ್ಧದಲ್ಲಿ ಬಿಸಿ ತುದಿ, ತಂಪು ತುದಿ ಎರಡೂ ಆಗುವುದು ಕಷ್ಟ. ಗಾಳಿ ಒಂದೇ ಆದ್ದರಿಂದ ಉಸಿರಿನ ರೋಗವೂ ಮೈಟ್‌ಗಳೂ ದಾಟುತ್ತವೆ.

ಈಗಾಗಲೇ ಕೂಡಿಟ್ಟಿರುವವರು ಹೀಗೆ ಮಾಡಿ. ದುರ್ಬಲವಾದದ್ದನ್ನು, ಅಂದರೆ ತೂಕ ಕಡಿಮೆಯಾದ ಅಥವಾ ಊಟ ಬಿಟ್ಟಿರುವ ಹಾವನ್ನು, ಇರುವ ಪೆಟ್ಟಿಗೆಯಲ್ಲೇ ಉಳಿಸಿ. ಅದರ ಬಿಸಿ ಈಗಾಗಲೇ ಸರಿಹೊಂದಿದೆ, ಪರಿಚಿತ ವಾಸನೆಯೂ ಇದೆ. ಬಲಶಾಲಿಯನ್ನು ಹೊಸದಕ್ಕೆ ಸಾಗಿಸಿ. ಸಾಗಿಸುವ ಮೊದಲು ಹೊಸ ಪೆಟ್ಟಿಗೆ ಎರಡು ದಿನ ಖಾಲಿಯಾಗಿ ಓಡಲಿ, ಎರಡೂ ತುದಿಯ ತಾಪಮಾನ ರಾತ್ರಿ ಹಗಲು ಬರೆದಿಟ್ಟು ನೋಡಿ. ಎರಡು ಹಾವೂ ಒಂದರ ರೋಗಕ್ಕೆ ಇನ್ನೊಂದು ಒಡ್ಡಿಕೊಂಡಿವೆ ಎಂದೇ ಎಣಿಸಿ 90 ದಿನದ ಕ್ವಾರಂಟೈನ್ ನಿಯಮವನ್ನು ಎರಡಕ್ಕೂ ಪಾಲಿಸಿ, ಮೂರನೆಯದನ್ನು ತರಬೇಡಿ. ಒಂದು ವಾರ ಎತ್ತುವುದೂ ಬೇಡ, ಊಟವೂ ಬೇಡ. ನಂತರ ಅಡುಗೆಮನೆಗಲ್ಲದ ಬೇರೆ ಡಿಜಿಟಲ್ ತಕ್ಕಡಿಯಲ್ಲಿ ತೂಕ ಬರೆದುಕೊಂಡು, ಎಂದಿನ ಅರ್ಧ ಗಾತ್ರದ ಇಲಿ ಕೊಡಿ. ಹೆಪ್ಪುಗಟ್ಟಿದ ಇಲಿಯನ್ನು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಕರಗಿಸಿ, ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿಟ್ಟು 38–40 ಡಿಗ್ರಿಗೆ ತಂದು ಕೊಡಿ. ತಾರೀಖು, ತೂಕ, ಊಟ, ಹಿಕ್ಕೆ, ಪೊರೆ ಎಲ್ಲವನ್ನೂ ಪ್ರತಿ ಹಾವಿಗೂ ಬೇರೆ ಪುಟದಲ್ಲಿ ಬರೆಯಿರಿ. ಬೇರ್ಪಡಿಸಿದ ಕೆಲವೇ ವಾರಗಳಲ್ಲಿ ಯಾವುದು ಇಷ್ಟು ದಿನ ಸೋಲುತ್ತಿತ್ತು ಎಂಬುದು ಆ ಪುಟಗಳಲ್ಲೇ ಕಾಣುತ್ತದೆ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ವೈದ್ಯರ ಬಳಿ ಹೋಗಿ. ದೊಡ್ಡ ಬಾಲ್ ಪೈಥಾನ್ ಚಳಿಗಾಲದಲ್ಲಿ ತಾನಾಗಿ ಊಟ ಬಿಡುವುದುಂಟು, ತೂಕ ನಿಂತಿದ್ದರೆ ಗಾಬರಿ ಬೇಡ. ಹೆಣ್ಣಿದ್ದರೆ ಹೊಟ್ಟೆಯ ಕೆಳಭಾಗ ನೋಡುತ್ತಿರಿ. ಬಸಿರಾದ ಕಾರ್ನ್ ಸ್ನೇಕ್ ಮೊಟ್ಟೆಗೆ ಮುಂಚಿನ ಪೊರೆ ಬಿಟ್ಟು ಒಂದೆರಡು ವಾರದಲ್ಲಿ ಮೊಟ್ಟೆ ಇಡುತ್ತದೆ, ಬಾಲ್ ಪೈಥಾನ್ ಸುಮಾರು ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಮೊಟ್ಟೆ ಇಡಲೆಂದು ಒದ್ದೆ ಪಾಚಿ ತುಂಬಿದ ಮುಚ್ಚಳದ ಡಬ್ಬಿಯೊಂದನ್ನು ಇಟ್ಟಿರಿ. ಹಾವು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯುವುದು ಎಲ್ಲರಿಗೂ ಕಡ್ಡಾಯ, ಐದು ವರ್ಷದೊಳಗಿನ ಮಕ್ಕಳು ಮುಟ್ಟುವುದೇ ಬೇಡ. ಹಾವಿನಿಂದ ಅಂಟುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅವರಿಗೆ ಹೆಚ್ಚು ಅಪಾಯಕಾರಿ.

ನಗರದಲ್ಲಿ ಹಾವು ಹಿಡಿದು ಬಿಡುವ ರಕ್ಷಕರಿಗೂ ಒಂದು ವಿನಂತಿ. ಒಂದೇ ದಿನ ಕೆಂಗೇರಿಯಲ್ಲೊಂದು, ಯಲಹಂಕದಲ್ಲೊಂದು ಹಾವು ಹಿಡಿದರೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಬೇಡಿ. ನಾಗರಹಾವು, ಕಟ್ಟುಹಾವು ಬೇರೆ ಹಾವುಗಳನ್ನು ತಿನ್ನುತ್ತವೆ. ತಿನ್ನದಿದ್ದರೂ ಒಂದು ಬಡಾವಣೆಯ ರೋಗ ಇನ್ನೊಂದು ಕಾಡಿಗೆ ಸೇರುತ್ತದೆ. ಮನೆಯಲ್ಲಿ ವಿದೇಶಿ ಹಾವು ಸಾಕುವ ರಕ್ಷಕರು ಆ ಚೀಲ, ಕೊಕ್ಕೆಗಳನ್ನು ಮನೆಯ ಹಾವಿಗೆ ಬಳಸಲೇಬಾರದು. ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕದಂಥ ನಮ್ಮ ನಾಡಿನ ಹಾವುಗಳನ್ನು ಸಾಕಲು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ಅವಕಾಶವೇ ಇಲ್ಲ, ಒಂಟಿಯಾಗಿಯೂ ಜೋಡಿಯಾಗಿಯೂ. ಮನೆಯೊಳಗೆ ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

ಬಾಲ್ ಪೈಥಾನ್, ಬೋವಾಗಳು ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿರುವುದರಿಂದ, ಈ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅವುಗಳನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಹೊಸದಾಗಿ ತಂದರೆ 30 ದಿನಗಳೊಳಗೆ. ಮರಿಯಾದರೂ ಸತ್ತರೂ ತಿಳಿಸಬೇಕು. ಗಂಡು ಹೆಣ್ಣು ಕೂಡಿಟ್ಟು ಅರಿಯದೆ ಮರಿ ಮಾಡಿಸಿದವರಿಗೆ ಈ ಹೊಣೆಯೂ ಬೀಳುತ್ತದೆ. ಮಾರುವವರು ಬಿಲ್ಲಿನ ಜೊತೆ ಹಾವು ಹುಟ್ಟಿದ ತಿಂಗಳು, ಲಿಂಗವನ್ನು ಹೇಗೆ ನೋಡಿದರು, ಕಡೆಯ ಐದು ಊಟಗಳ ತಾರೀಖು, ಅಂಗಡಿಯಲ್ಲಿ ಒಂಟಿಯಾಗಿತ್ತೋ ಕೂಡಿತ್ತೋ ಎಂಬುದನ್ನು ಬರೆದುಕೊಡಬೇಕು ಎಂಬುದು ನಮ್ಮ ಆಗ್ರಹ. ಕೊಳ್ಳುವವರು ಇದನ್ನು ಕೇಳಿ ಪಡೆಯಬೇಕು. ಅರಣ್ಯ ಇಲಾಖೆಯವರು ನೋಂದಾಯಿತ ಮನೆಗಳನ್ನು ಪರಿಶೀಲಿಸಲು ಬಂದಾಗ ಹಾವುಗಳ ಸಂಖ್ಯೆಯನ್ನಷ್ಟೇ ಅಲ್ಲ, ಪೆಟ್ಟಿಗೆಗಳ ಸಂಖ್ಯೆಯನ್ನೂ ಎಣಿಸಿ ಬರೆದುಕೊಳ್ಳಲಿ ಎಂದು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇವೆ.

— ಹಾವು ಸಾಕಣೆ ಮತ್ತು ಆರೈಕೆ ಬಲ್ಲ ಓದುಗರು, ಬೆಂಗಳೂರು